ಓದುಗರ ಪ್ರಶ್ನೆ: ಕೆಟ್ಟ ಆಳ್ವಿಕೆಯೂ ದೇವರು ಕೊಟ್ಟದ್ದೇ?

ಪ್ರಶ್ನೆ: ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಬೈಬಲ್ ಕೂಟದಲ್ಲಿ ರೋಮಾಪುರದವರಿಗೆ 13:1 ಓದಿದಾಗ ವಾದ ಎದ್ದಿತು. ಎಲ್ಲ ಅಧಿಕಾರವೂ ದೇವರಿಂದಲೇ ಎಂದಾದರೆ ಕೆಟ್ಟ ಆಳ್ವಿಕೆಯೂ ಅವನದ್ದೇ? ಮತ್ತೆ ಓಟು ಯಾಕೆ?
– ಓದುಗರು, ಬೇಳ

ಉತ್ತರ: ಎಡವಟ್ಟಾದದ್ದು ಓದನ್ನು 13:1ರಿಂದ ಶುರುಮಾಡಿದ್ದರಲ್ಲಿ. ರೋಮಾಪುರದವರಿಗೆ ಪೌಲ ಬರೆದ ಈ ಪತ್ರದಲ್ಲಿ ಅಧ್ಯಾಯಗಳಿರಲಿಲ್ಲ; ಆ ವಿಂಗಡಣೆ 13ನೇ ಶತಮಾನದ್ದು. 12:14ರಿಂದ 13:10ರ ತನಕ ನಿಲ್ಲಿಸದೆ ಓದಿಸಿ. ನೀವು ಮುಯ್ಯಿ ತೀರಿಸಬೇಡಿ, ದಂಡನೆ ದೇವರಿಗೆ ಬಿಡಿ ಎಂದ ಬೆನ್ನಿಗೇ ಅಧಿಕಾರಿಯ ಮಾತು ಬರುತ್ತದೆ. 13:4ರಲ್ಲಿ ಅವನಿಗಿಟ್ಟ ಹೆಸರು 'ದೇವರ ಸೇವಕ'. ಸೇವಕನೆಂದರೆ ಲೆಕ್ಕ ಒಪ್ಪಿಸಬೇಕಾದವನು. ಇದನ್ನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ನೀರೋ ಆಳುತ್ತಿದ್ದಾಗ. ಚಕ್ರವರ್ತಿಗಳಿಗೆ ಗುಡಿ ಕಟ್ಟುತ್ತಿದ್ದ ಸಾಮ್ರಾಜ್ಯದಲ್ಲಿ ಅದು ಸಣ್ಣ ಮಾತಲ್ಲ.

ಮುಂದಿನ ವಾರ ಹಳೆಯ ಒಡಂಬಡಿಕೆಗೆ ಹೋಗಿ. ಮೊದಲು ಯೆರೆಮೀಯ 27:6. ಯೆರೂಸಲೇಮನ್ನು ಹಾಳುಮಾಡಿದ ನೆಬೂಕದ್ನೆಚ್ಚರನೇ ಅಲ್ಲಿ 'ನನ್ನ ಸೇವಕ'! ಆಮೇಲೆ ದಾನಿಯೇಲ 4: 'ನಾನು ಕಟ್ಟಿದ ಬಾಬೆಲ್' ಎಂದು ಬೀಗಿದ ಅದೇ ಅರಸ ದನದಂತೆ ಹುಲ್ಲು ಮೇಯುತ್ತಾನೆ. 27ನೇ ವಚನವನ್ನು ಹಾರಿಸಬೇಡಿ. ಪಾಪ ಬಿಡು, ಬಡವರಿಗೆ ಕರುಣೆ ತೋರಿಸು ಎಂದು ದಾನಿಯೇಲ ಅರಸನ ಮುಖಕ್ಕೇ ಹೇಳುವುದು ಅಲ್ಲಿ. ರಾಜ್ಯ ಕೊಡುವವನು ದೇವರು ಎಂದವನೂ ಈ ದಾನಿಯೇಲನೇ. ಆಮೇಲೆ ಯೆಶಾಯ 10:5–15. ಅಶ್ಶೂರ ಸಾಮ್ರಾಜ್ಯ ದೇವರ ಕೈಯ ಕೋಲು. ಆದರೂ ಅದರ ಜಂಬಕ್ಕೆ ಶಿಕ್ಷೆ ತಪ್ಪಲಿಲ್ಲ. ಬಳಸಿಕೊಂಡದ್ದು ಬೇರೆ, ಮೆಚ್ಚಿಕೊಂಡದ್ದು ಬೇರೆ. ಈ ಎರಡನ್ನು ಕಲಸಿದಲ್ಲೇ ನಿಮ್ಮ ವಾದ ಹುಟ್ಟಿದ್ದು.

ಜ್ಞಾನೋಕ್ತಿ 21:1 ನಮ್ಮ ಕಡೆಯವರಿಗೆ ಸಲೀಸು. ಅರಸನ ಹೃದಯ ದೇವರ ಕೈಯಲ್ಲಿ ನೀರಿನ ಕಾಲುವೆಯಂತೆ ಎನ್ನುತ್ತದೆ ಆ ವಚನ. ಅಡಿಕೆ ತೋಟದಲ್ಲಿ ಕಟ್ಟದ (ತೋಡಿಗೆ ಹಾಕಿದ ಒಡ್ಡಿನ) ನೀರು ಬಿಡುವಾಗ ಒಂದು ಕಣಿಗೆ ಮಣ್ಣು ಹಾಕಿ ಇನ್ನೊಂದಕ್ಕೆ ತಿರುಗಿಸುವುದಿಲ್ಲವೇ, ಹಾಗೆ. ತಿರುಗಿಸಿದ ಮಾತ್ರಕ್ಕೆ ಕೆಸರುನೀರು ತಿಳಿಯಾಗದು. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಪಾರಸಿಯ ಅರಸ ಕೋರೆಷನನ್ನೇ ನೋಡಿ (ಕೆಲವು ಅನುವಾದಗಳಲ್ಲಿ ಸೈರಸ್, ಇಬ್ಬರಲ್ಲ, ಒಬ್ಬನೇ). ಯೆಶಾಯ 45:1 ಅವನನ್ನು 'ಅಭಿಷಿಕ್ತ', ಅಂದರೆ ದೇವರು ಆರಿಸಿ ನೇಮಿಸಿದವನು, ಎನ್ನುತ್ತದೆ. ಅವನ ಹೆಸರಿನ ಮಣ್ಣಿನ ಶಾಸನವೋ ಗೆಲುವಿನ ಕೀರ್ತಿಯನ್ನು ಬಾಬೆಲಿನ ದೇವರಾದ ಮರ್ದೂಕನಿಗೆ ಕೊಡುತ್ತದೆ. 'ನೀನು ನನ್ನನ್ನು ಅರಿಯದಿದ್ದರೂ' ಎಂದು 45:4 ಹೇಳುವುದು ಸುಮ್ಮನೆ ಅಲ್ಲ.

ಇನ್ನು ಓಟು. 1 ಸಮುವೇಲ 8ರಲ್ಲಿ ಅರಸ ಬೇಕೆಂದು ಹಟ ಹಿಡಿದವರು ಜನರು. ಅವನು ನಿಮ್ಮ ಮಕ್ಕಳನ್ನು, ಹೊಲಗಳನ್ನು, ಬೆಳೆಯ ಹತ್ತರಲ್ಲೊಂದು ಪಾಲನ್ನು ತೆಗೆದುಕೊಳ್ಳುತ್ತಾನೆ ಎಂದು ಎಚ್ಚರಿಸಿಯೇ ದೇವರು ಒಪ್ಪಿದ್ದು. ಹೋಶೇಯ 8:4 ಇನ್ನೂ ಖಾರ: ಅರಸರನ್ನು ಮಾಡಿಕೊಂಡರು, ನನ್ನನ್ನು ಕೇಳಿ ಅಲ್ಲ. ಆರಿಸಿದವರ ಹೊಣೆ ಆರಿಸಿದವರ ಮೇಲೆಯೇ. ವಿಧೇಯತೆಗೂ ಗಡಿಯಿದೆ, ಅಪೊಸ್ತಲರ ಕೃತ್ಯಗಳು 5:29 ಓದಿ.

ಪ್ರಶ್ನೆ: ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತನ ಅಧಿಕಾರ ಮೇಲಿನಿಂದ ಬಂದದ್ದಾದರೆ ಅವನ ತಪ್ಪೇನು?
– ಓದುಗರು, ಮಂಜೇಶ್ವರ

ಉತ್ತರ: ಯೋಹಾನ 19:11ನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. ನನ್ನನ್ನು ನಿನಗೆ ಒಪ್ಪಿಸಿದವನಿಗೆ 'ಹೆಚ್ಚಿನ' ಪಾಪ ಎಂದು ಯೇಸು ಮುಂದುವರಿಸುತ್ತಾನೆ. ಅಂದರೆ ಪಿಲಾತನದ್ದು ಕಡಿಮೆ, ಸೊನ್ನೆಯಲ್ಲ. ಅವನು ಕೈ ತೊಳೆದದ್ದನ್ನು ಯೋಹಾನನಲ್ಲಿ ಹುಡುಕಬೇಡಿ. ಅದು ಇರುವುದು ಮತ್ತಾಯ 27:24ರಲ್ಲಿ ಮಾತ್ರ.