ಸಂಬಳವಿಲ್ಲದ ಸಂಸದರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕಗಳ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ಈ ಸಲದವು. ಆಗ ಸಭೆಯಲ್ಲಿ 670 ಸ್ಥಾನಗಳಿದ್ದವು. ಅದರಲ್ಲಿ ಐರ್ಲೆಂಡಿನದು 103, ಸ್ಕಾಟ್ಲೆಂಡಿನದು 72, ಮಿಕ್ಕಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ನದು.

ಪ್ರಶ್ನೆ: 1911ಕ್ಕೆ ಮುಂಚೆ ಸದಸ್ಯರಿಗೆ ಸಂಬಳವೇ ಇರಲಿಲ್ಲವಂತೆ. ಹಾಗಾದರೆ ಕಾರ್ಮಿಕರ ಕಡೆಯಿಂದ ಗೆದ್ದು ಬಂದವರು ಜೀವನ ಹೇಗೆ ಸಾಗಿಸುತ್ತಿದ್ದರು?

ಒಂದು ಪೆನ್ನಿಯೂ ಇರಲಿಲ್ಲ. ಆಸ್ತಿ ಇದ್ದವರೇ ಸದಸ್ಯರಾಗಬೇಕೆಂಬ ಷರತ್ತು 1858ರಲ್ಲೇ ರದ್ದಾಗಿತ್ತು ನಿಜ. ಆದರೆ ಲಂಡನ್ನಿನಲ್ಲಿ ವರ್ಷದ ಬಹುಪಾಲು ದಿನ ಉಳಿದು, ಊರಿನಲ್ಲಿ ಇನ್ನೊಂದು ಮನೆ ನಡೆಸುವ ತಾಕತ್ತು ಕಲ್ಲಿದ್ದಲು ಗಣಿಯಲ್ಲೋ ರೈಲ್ವೆಯಲ್ಲೋ ದುಡಿದು ಬಂದವನಿಗೆ ಎಲ್ಲಿಂದ ಬರಬೇಕು? ಕಾನೂನು ತೆಗೆದ ಅಡ್ಡಗೋಡೆಯನ್ನು ಖರ್ಚು ಮತ್ತೆ ಕಟ್ಟಿತ್ತು.

ದಾರಿ ಇದ್ದದ್ದು ಒಂದೇ: ಯಾರಾದರೂ ಸಾಕಬೇಕು. ಐರಿಷ್ ಪಕ್ಷ ತನ್ನ ಬಡ ಸದಸ್ಯರಿಗೆ ಪಕ್ಷದ ನಿಧಿಯಿಂದ ಕೊಡುತ್ತಿತ್ತು. ಗಣಿ ಕಾರ್ಮಿಕರ ಸಂಘಗಳು ತಮ್ಮವರನ್ನು ತಾವೇ ನೋಡಿಕೊಳ್ಳುತ್ತಿದ್ದವು. ಮುಂದೆ ಲೇಬರ್ ಪಕ್ಷವಾದ ಕಾರ್ಮಿಕ ಪ್ರಾತಿನಿಧ್ಯ ಸಮಿತಿ 1903ರಲ್ಲಿ ಸಂಘಗಳಿಂದ ಚಂದಾ ಎತ್ತಿ, ತನ್ನ ಸದಸ್ಯರಿಗೆ ವರ್ಷಕ್ಕೆ 200 ಪೌಂಡ್ ಕೊಡುವ ನಿಧಿ ಮಾಡಿತು. 1906ರಲ್ಲಿ ಅದರ 29 ಜನ ಗೆದ್ದು ಬಂದದ್ದರ ಹಿಂದೆ ಈ ಹಣದ ಆಸರೆಯೂ ಇತ್ತು.

ಈ ಏರ್ಪಾಡನ್ನು ಕೆಡವಿದ್ದು ಒಬ್ಬ ರೈಲ್ವೆ ಹಮಾಲಿ. ವಾಲ್ಟರ್ ಆಸ್ಬೋರ್ನ್ ರೈಲ್ವೆ ನೌಕರರ ಸಂಘದ ಒಂದು ಶಾಖೆಯ ಕಾರ್ಯದರ್ಶಿ, ರಾಜಕೀಯವಾಗಿ ಲಿಬರಲ್. ತಾನು ಒಪ್ಪದ ಪಕ್ಷಕ್ಕೆ ತನ್ನ ಚಂದಾ ಹೋಗುವುದು ಸರಿಯಲ್ಲ ಎಂದು ದಾವೆ ಹೂಡಿದ. 1909ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲ್ಮನೆಯೂ ಆಗಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಲಾರ್ಡ್ಸ್ ಸಭೆ ಅವನ ಪರವಾಗಿ ತೀರ್ಪಿತ್ತಿತು. ಸಂಘದ ಹಣ ರಾಜಕೀಯಕ್ಕೆ ಸಲ್ಲದು ಎಂದಾದ ಮೇಲೆ ಲೇಬರ್ ಸದಸ್ಯರ ಅನ್ನದ ಬುಡಕ್ಕೇ ಕೊಡಲಿ ಬಿತ್ತು.

1911ರ ಆಗಸ್ಟ್ 10ರಂದು ಕಾಮನ್ಸ್ ಸಭೆ ವರ್ಷಕ್ಕೆ 400 ಪೌಂಡ್ ಮಂಜೂರು ಮಾಡಿತು. ಹಣಕಾಸು ಸಚಿವ ಲಾಯ್ಡ್ ಜಾರ್ಜ್ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ತರಲಿಲ್ಲ. ಠರಾವು ಮಾಡಿಸಿ ಬಜೆಟ್ ಮೂಲಕವೇ ಹಣ ಕೊಡಿಸಿದರು. ಮಂತ್ರಿಯಾಗಿ ಸಂಬಳ ಪಡೆಯುವವರಿಗೆ ಈ ಮೊತ್ತ ಸಿಗುತ್ತಿರಲಿಲ್ಲ. ಅದರ ಮೇಲೆ ಸವಲತ್ತು ಎಂದು ಹೇಳುವಂಥದ್ದು ಹೆಚ್ಚೇನೂ ಇಲ್ಲ. ಕ್ಷೇತ್ರಕ್ಕೆ ಹೋಗಿಬರಲು ಉಚಿತ ರೈಲು ಪ್ರಯಾಣ ಸಿಕ್ಕಿದ್ದು 1924ರಲ್ಲಿ. ಮತದಾರರಿಗೆ ಬರೆಯುವ ಕಾಗದಕ್ಕೆ ಅಂಚೆಚೀಟಿ ಸದಸ್ಯನ ಜೇಬಿನದೇ.

ಸಂಘಗಳಿಗೆ ಮತ್ತೆ ದಾರಿ ತೆರೆದದ್ದು 1913ರ ಕಾಯ್ದೆ. ಮೊದಲು ಸಂಘದ ಸದಸ್ಯರ ಮತ ಪಡೆಯಬೇಕು, ರಾಜಕೀಯ ನಿಧಿಯನ್ನು ಬೇರೆಯಾಗಿ ಇಡಬೇಕು, ಬೇಡ ಎಂದು ಬರೆದುಕೊಟ್ಟವನಿಂದ ವಸೂಲು ಮಾಡಬಾರದು.

ಪ್ರಶ್ನೆ: ಒಂದು ಚುನಾವಣೆಗೆ ಅಭ್ಯರ್ಥಿಯ ಕೈಯಿಂದ ಎಷ್ಟು ಬಿಡುತ್ತಿತ್ತು? ಮಿತಿ ಏನಾದರೂ ಇತ್ತೆ?

ಇತ್ತು, ಅದೂ ಬಿಗಿಯಾದ ಮಿತಿ. 1883ರ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಪಟ್ಟಣದ ಕ್ಷೇತ್ರದಲ್ಲಿ 2,000 ಮತದಾರರವರೆಗೆ 350 ಪೌಂಡ್. ಅದನ್ನು ದಾಟಿದರೆ 380 ಪೌಂಡ್, ಮೇಲಿನ ಪ್ರತಿ ಪೂರ್ಣ ಸಾವಿರಕ್ಕೆ 30 ಪೌಂಡ್. ಗ್ರಾಮಾಂತರ ಕೌಂಟಿ ಕ್ಷೇತ್ರದಲ್ಲಿ ಇದು ಕ್ರಮವಾಗಿ 650, 710, 60. ಲೆಕ್ಕ ಹಾಕಿ ನೋಡಿ: 10,000 ಮತದಾರರಿರುವ ಪಟ್ಟಣದಲ್ಲಿ 380ಕ್ಕೆ ಎಂಟು ಮೂವತ್ತು ಸೇರಿ 620 ಪೌಂಡ್. ಅಷ್ಟೇ ಮತದಾರರ ಕೌಂಟಿಯಲ್ಲಿ 1,190. ಹಳ್ಳಿಗಳು ದೂರ ದೂರ, ಓಡಾಟ ಜಾಸ್ತಿ ಎಂದು ಈ ವ್ಯತ್ಯಾಸ.

ಹೊಸಬರು ಎಡವುತ್ತಿದ್ದದ್ದು ಇಲ್ಲಿ: ಚುನಾವಣಾಧಿಕಾರಿಯ ಖರ್ಚು ಈ ಮಿತಿಯ ಹೊರಗೆ. ಮತಗಟ್ಟೆಯ ಬಾಡಿಗೆ, ಮತಪತ್ರದ ಮುದ್ರಣ, ಗುಮಾಸ್ತರ ಕೂಲಿ, ಎಲ್ಲವನ್ನೂ ಆಗ ಸರ್ಕಾರ ಕೊಡುತ್ತಿರಲಿಲ್ಲ. ಅಭ್ಯರ್ಥಿಗಳೇ ಹಂಚಿಕೊಂಡು ಕೊಡಬೇಕು, ಗೆದ್ದವನೂ ಸೋತವನೂ. ಈ ಹೊರೆ ಸರ್ಕಾರಕ್ಕೆ ದಾಟಿದ್ದು 1918ರಲ್ಲಿ. ಬದಲಿಗೆ 150 ಪೌಂಡ್ ಠೇವಣಿ ಬಂತು. ಚಲಾವಣೆಯಾದ ಮತದ ಎಂಟನೇ ಒಂದು ಭಾಗ ಸಿಗದಿದ್ದರೆ ಅದು ಮುಟ್ಟುಗೋಲು.

ನಾಮಪತ್ರ ಸರಳ: ಸೂಚಕ ಒಬ್ಬ, ಅನುಮೋದಕ ಒಬ್ಬ, ಒಪ್ಪಿ ಸಹಿ ಹಾಕುವ ಮತದಾರರು ಎಂಟು. ಕಷ್ಟವಿದ್ದದ್ದು ಲೆಕ್ಕಪತ್ರದಲ್ಲಿ. ಅಭ್ಯರ್ಥಿ ಒಬ್ಬ ಚುನಾವಣಾ ಏಜೆಂಟನನ್ನು ನೇಮಿಸಬೇಕು. ಅಭ್ಯರ್ಥಿ ತನ್ನ ಸ್ವಂತ ಊಟ ವಸತಿಗೆ 100 ಪೌಂಡಿನವರೆಗೆ ತಾನೇ ಕೊಡಬಹುದು. ಮಿಕ್ಕ ಪ್ರತಿ ಪೆನ್ನಿ ಏಜೆಂಟನ ಕೈಯಿಂದಲೇ ಹೋಗಬೇಕು. ಫಲಿತಾಂಶ ಬಂದ 14 ದಿನದೊಳಗೆ ಬಿಲ್ಲು ಕೊಡದ ವ್ಯಾಪಾರಿಗೆ ಹಣವಿಲ್ಲ. 28 ದಿನದೊಳಗೆ ಎಲ್ಲ ಪಾವತಿ, 35 ದಿನದೊಳಗೆ ರಸೀದಿ ಸಮೇತ ಲೆಕ್ಕ ಸಲ್ಲಿಕೆ.

ನಿಷೇಧಗಳ ಪಟ್ಟಿ ಇನ್ನೂ ಸೂಕ್ಷ್ಮ. ಬ್ಯಾಂಡು, ಬಾವುಟ, ಎದೆಗೆ ಸಿಕ್ಕಿಸುವ ಬಣ್ಣದ ರಿಬ್ಬನ್‌ಗೆ ದುಡ್ಡು ಕೊಡುವಂತಿಲ್ಲ. ಹೆಂಡದಂಗಡಿಯಲ್ಲಿ ಕಚೇರಿ ತೆರೆಯುವಂತಿಲ್ಲ. ಭಿತ್ತಿಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಮತದಾರರನ್ನು ಕರೆತರಲು ಗಾಡಿ ಬಾಡಿಗೆಗೆ ಹಿಡಿದರೆ ಅಪರಾಧ, ಸ್ನೇಹಿತರು ತಮ್ಮ ಗಾಡಿಯನ್ನು ಪುಕ್ಕಟೆ ಕೊಟ್ಟರೆ ತಪ್ಪಿಲ್ಲ. ಮೋಟಾರು ಕಾರು ಬಂದ ಮೇಲೆ ಈ ಸಂದಿನಿಂದ ಲಾಭವಾದದ್ದು ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ. ಕಾರಿದ್ದ ಸ್ನೇಹಿತರು ಯಾವ ಪಕ್ಷಕ್ಕೆ ಹೆಚ್ಚಿದ್ದರೋ ಅವರಿಗೆ.

ಏಜೆಂಟ್ ಲಂಚ ಕೊಟ್ಟರೆ, ಅಭ್ಯರ್ಥಿಗೆ ಗೊತ್ತಿರಲಿ ಬಿಡಲಿ, ಸ್ಥಾನ ಹೋಗುತ್ತಿತ್ತು. ಆದರೆ ಅದನ್ನು ಪ್ರಶ್ನಿಸುವವನು 1,000 ಪೌಂಡ್ ಭದ್ರತೆ ಇಡಬೇಕು, ಆಮೇಲೆ ಇಬ್ಬರು ನ್ಯಾಯಾಧೀಶರ ಮುಂದೆ ವಿಚಾರಣೆ. ಇಷ್ಟು ಹಣ ಕಟ್ಟಬಲ್ಲವರು ಕಡಿಮೆ. ತಕರಾರು ಅರ್ಜಿಗಳು ಕಡಿಮೆ ಇದ್ದವು ಎಂದಮಾತ್ರಕ್ಕೆ ಚುನಾವಣೆ ಶುದ್ಧವಾಗಿತ್ತು ಎಂದು ತಿಳಿಯುವುದು ದುಡುಕು.

ಪ್ರಶ್ನೆ: ಚರ್ಚಿಲ್ 1908ರಲ್ಲಿ ಮಂತ್ರಿಯಾದ ಕೂಡಲೇ ಚುನಾವಣೆ ಸೋತರು ಎಂದು ಓದಿದೆ. ಗೆದ್ದಿದ್ದವರು ಮತ್ತೆ ಯಾಕೆ ನಿಂತರು?

ನಿಲ್ಲಲೇಬೇಕಿತ್ತು. ರಾಜನ ಕೈಕೆಳಗೆ 'ಲಾಭದಾಯಕ ಹುದ್ದೆ' ಒಪ್ಪಿಕೊಂಡವನ ಸ್ಥಾನ ಆ ಕ್ಷಣಕ್ಕೇ ತೆರವು ಎಂಬ ನಿಯಮ 1707ರ ಕಾಯ್ದೆಯದು. ನಮ್ಮ ಸಂವಿಧಾನದ 102ನೇ ವಿಧಿಯಲ್ಲಿ ಬರುವ 'ಲಾಭದಾಯಕ ಹುದ್ದೆ'ಯ ಹಿರಿಯಜ್ಜ ಇದೇ. ರಾಜ ಹುದ್ದೆ ಹಂಚಿ ಸದಸ್ಯರನ್ನು ಕೊಂಡುಕೊಳ್ಳದಿರಲಿ ಎಂಬುದು ಮೂಲ ಉದ್ದೇಶ. ಮಂತ್ರಿಯಾಗಲು ಅಡ್ಡಿಯಿಲ್ಲ, ಆದರೆ ಕ್ಷೇತ್ರದವರ ಮುಂದೆ ಹೋಗಿ ಮತ್ತೆ ಕೇಳಬೇಕು.

ಚರ್ಚಿಲ್ ವಸಾಹತು ಖಾತೆಯ ಕಿರಿಯ ಸಚಿವರಾಗಿದ್ದಾಗ ಈ ತೊಂದರೆ ಬಂದಿರಲಿಲ್ಲ, ಅಧೀನ ಕಾರ್ಯದರ್ಶಿಗಳ ಹುದ್ದೆಗೆ ನಿಯಮ ತಟ್ಟುತ್ತಿರಲಿಲ್ಲ. 1908ರ ಏಪ್ರಿಲಿನಲ್ಲಿ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿ ಸಂಪುಟ ಸೇರಿದಾಗ ತಟ್ಟಿತು. ವಾಯವ್ಯ ಮ್ಯಾಂಚೆಸ್ಟರಿನಲ್ಲಿ ಸೋತು, ಮೇ ತಿಂಗಳಲ್ಲಿ ಡಂಡಿಯಿಂದ ಗೆದ್ದು ಬಂದರು. 1910ರಲ್ಲಿ ಗೃಹಸಚಿವರಾದಾಗ ಮತ್ತೆ ನಿಲ್ಲಬೇಕಾಗಲಿಲ್ಲ, ಒಂದು ಹುದ್ದೆಯಿಂದ ಇನ್ನೊಂದಕ್ಕೆ ದಾಟುವವರಿಗೆ 1867ರಲ್ಲೇ ವಿನಾಯಿತಿ ಸಿಕ್ಕಿತ್ತು. ಅವರಿಗಿಂತ ದುರದೃಷ್ಟವಂತರು ಚಾರ್ಲ್ಸ್ ಮಾಸ್ಟರ್‌ಮನ್. 1914ರಲ್ಲಿ ಸಂಪುಟಕ್ಕೆ ಬಂದು ಬೆತ್ನಲ್ ಗ್ರೀನಿನಲ್ಲಿ ಸೋತರು, ಇಪ್ಸ್‌ವಿಚ್‌ನಲ್ಲೂ ಸೋತರು, 1915ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟರು. 1919ರಲ್ಲಿ ಈ ನಿಯಮ ಸಡಿಲವಾಯಿತು, 1926ರಲ್ಲಿ ಪೂರ್ತಿ ಹೋಯಿತು.

ಪ್ರಶ್ನೆ: ರಾಜೀನಾಮೆ ಕೊಡುವಾಗ 'ಚಿಲ್ಟರ್ನ್ ಹಂಡ್ರೆಡ್ಸ್' ಪಡೆದರು ಎಂದು ಬರೆಯುತ್ತಾರೆ. ಏನದು, ಪಿಂಚಣಿಯೆ?

ಪಿಂಚಣಿಯಲ್ಲ, ಮೇಲೆ ಹೇಳಿದ ನಿಯಮದ್ದೇ ಮಗ್ಗುಲು. ಸದಸ್ಯ ರಾಜೀನಾಮೆ ಕೊಡುವಂತಿಲ್ಲ ಎಂದು ಕಾಮನ್ಸ್ ಸಭೆ 1624ರಲ್ಲೇ ತೀರ್ಮಾನಿಸಿತ್ತು. ಹೊರಹೋಗಬೇಕೆಂದರೆ ಸ್ಥಾನ ಕಳೆದುಕೊಳ್ಳುವಂಥ ಏನಾದರೂ ಆಗಬೇಕು. ಹಾಗಾಗಿ ಹಣಕಾಸು ಸಚಿವರಿಗೆ ಅರ್ಜಿ ಹಾಕಿ, ಬಕಿಂಗ್‌ಹ್ಯಾಮ್‌ಷೈರಿನ ಸ್ಟೋಕ್, ಡೆಸ್‌ಬರೋ, ಬರ್ನ್‌ಹ್ಯಾಮ್ ಎಂಬ ಮೂರು ಹೋಬಳಿಗಳ ಮೇಲ್ವಿಚಾರಕನಾಗಿ ನೇಮಕಗೊಳ್ಳುವುದು. ಕೆಲಸವೂ ಇಲ್ಲ, ಸಂಬಳವೂ ಇಲ್ಲ, ಕಾಗದದ ಮೇಲೆ ಮಾತ್ರ ಲಾಭದಾಯಕ. ಅದು ಬೇಡವಾದರೆ ಯಾರ್ಕ್‌ಷೈರಿನ ನಾರ್ತ್‌ಸ್ಟೆಡ್ ಎಂಬ ಜಹಗೀರಿನದು ಇದೆ.

1912ರಲ್ಲಿ ಲೇಬರ್ ಸದಸ್ಯ ಜಾರ್ಜ್ ಲ್ಯಾನ್ಸ್‌ಬರಿ ಮಹಿಳೆಯರ ಮತಾಧಿಕಾರದ ಪ್ರಶ್ನೆಯನ್ನು ಮತದಾರರ ಮುಂದಿಡಲೆಂದು ಸ್ಥಾನ ಬಿಟ್ಟರು. ಉಪಚುನಾವಣೆಯಲ್ಲಿ ಸೋತರು.

ಪ್ರಶ್ನೆ: ಭಾರತದ ಬೆಳ್ಳಿಯಿಂದಾಗಿ ಒಬ್ಬ ಇಂಗ್ಲಿಷ್ ಸದಸ್ಯ ಸ್ಥಾನ ಕಳೆದುಕೊಂಡರಂತೆ, ನಿಜವೆ?

ನಿಜ. ಸರ್ಕಾರದ ಜೊತೆ ಗುತ್ತಿಗೆ ಮಾಡಿಕೊಂಡವನು ಸದಸ್ಯನಾಗಿರುವಂತಿಲ್ಲ ಎಂಬ 1782ರ ಕಾಯ್ದೆ ಇತ್ತು. ಹಾಗಿದ್ದೂ ಬಂದು ಕೂತು ಮತ ಹಾಕಿದರೆ ದಿನಕ್ಕೆ 500 ಪೌಂಡ್ ದಂಡ. ಆ ದಂಡಕ್ಕೆ ದಾವೆ ಹೂಡಿ ವಸೂಲು ಮಾಡಿಕೊಳ್ಳುವ ಹಕ್ಕು ಯಾವ ದಾರಿಹೋಕನಿಗಾದರೂ ಉಂಟು.

ವೈಟ್‌ಚಾಪೆಲ್ ಸದಸ್ಯ ಸರ್ ಸ್ಟುವರ್ಟ್ ಸ್ಯಾಮ್ಯುಯೆಲ್ ಒಂದು ಬ್ಯಾಂಕಿನ ಪಾಲುದಾರರು. ರೂಪಾಯಿ ಟಂಕಿಸಲು 1912ರಲ್ಲಿ, ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಕಚೇರಿಗೆ ಬೆಳ್ಳಿ ಬೇಕಾಯಿತು. ಬಹಿರಂಗವಾಗಿ ಕೊಂಡರೆ ಪೇಟೆಯಲ್ಲಿ ಬೆಲೆ ಏರುತ್ತದೆಂದು ಗುಟ್ಟಾಗಿ ಆ ಬ್ಯಾಂಕಿನ ಮೂಲಕ ಕೊಂಡರು. ಆ ಕಚೇರಿಯ ಮುಖ್ಯಸ್ಥನಾದ ಭಾರತ ಖಾತೆಯ ಸಚಿವನ ಜೊತೆಗಿನ ಒಪ್ಪಂದ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ಎಂಬ ಪ್ರಶ್ನೆ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿಗೆ ಹೋಯಿತು. ಬರುತ್ತದೆ ಎಂದು 1913ರ ಏಪ್ರಿಲಿನಲ್ಲಿ ಅಭಿಪ್ರಾಯ ಬಂತು. ಸ್ಥಾನ ಹೋಯಿತು. ಅದೇ ತಿಂಗಳ ಕೊನೆಗೆ ಉಪಚುನಾವಣೆ ಗೆದ್ದು ಅವರು ಮರಳಿದರು.

ಪ್ರಶ್ನೆ: ದಾದಾಭಾಯಿ ನವರೋಜಿ ಅಲ್ಲಿ ಸದಸ್ಯರಾಗಿದ್ದರು. ಹಾಗೆಯೇ ಮೈಸೂರಿನವರೂ ಆಗಬಹುದಿತ್ತೆ?

ಬ್ರಿಟಿಷ್ ಪ್ರಜೆಯಾದ, 21 ತುಂಬಿದ ಗಂಡಸು ಯಾರಾದರೂ ನಿಲ್ಲಬಹುದಿತ್ತು, ಕ್ಷೇತ್ರದ ವಾಸಿಯೇ ಆಗಿರಬೇಕೆಂದಿರಲಿಲ್ಲ. ನವರೋಜಿ 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ, ಮಂಚೇರ್ಜಿ ಭಾವನಗರಿ 1895 ಮತ್ತು 1900ರಲ್ಲಿ ಈಶಾನ್ಯ ಬೆತ್ನಲ್ ಗ್ರೀನಿನಿಂದ ಗೆದ್ದರು. ಶಾಪುರ್ಜಿ ಸಕ್ಲಾತ್‌ವಾಲಾ ಗೆದ್ದದ್ದು 1922ರಲ್ಲಿ. ಗಮನಿಸಬೇಕಾದದ್ದು 'ಪ್ರಜೆ' ಎಂಬ ಮಾತು. ಧಾರವಾಡ, ಮಂಗಳೂರು, ಬಳ್ಳಾರಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಸಂಸ್ಥಾನದ ಮೈಸೂರಿನಲ್ಲಿ ಹುಟ್ಟಿದವನು ಮಹಾರಾಜರ ಪ್ರಜೆ, ಬ್ರಿಟಿಷರ ಲೆಕ್ಕದಲ್ಲಿ ಬರೀ 'ರಕ್ಷಿತ ವ್ಯಕ್ತಿ'. ಮೈಸೂರಿನವನಿಗೆ ಹುಟ್ಟಿನಿಂದ ಆ ಹಕ್ಕು ಬರುತ್ತಿರಲಿಲ್ಲ.

ಪ್ರಶ್ನೆ: ಮಹಿಳೆಯರು?

1918ರ ನವೆಂಬರಿನ ಕಾಯ್ದೆಯಿಂದ. ವಿಚಿತ್ರವೆಂದರೆ 21ಕ್ಕೆ ಸದಸ್ಯೆಯಾಗಬಹುದಿತ್ತು, ಮತ ಹಾಕಲು ಮಾತ್ರ ಆಗ 30 ಆಗಬೇಕಿತ್ತು. ಮೊದಲು ಗೆದ್ದ ಕಾನ್‌ಸ್ಟನ್ಸ್ ಮಾರ್ಕಿವಿಚ್ ಐರ್ಲೆಂಡಿನ ಸ್ವಾತಂತ್ರ್ಯ ಬಯಸಿದ ಶಿನ್ ಫೇನ್ ಪಕ್ಷದವರು, ಸ್ಥಾನ ಸ್ವೀಕರಿಸಲಿಲ್ಲ. ಮೊದಲು ಸಭೆಯಲ್ಲಿ ಕೂತವರು ನ್ಯಾನ್ಸಿ ಆಸ್ಟರ್, 1919ರಲ್ಲಿ.

ಪ್ರಶ್ನೆ: ಅವಧಿ ಐದು ವರ್ಷ ಅಂದಮೇಲೆ ಹಲವರ ಹೆಸರಿನ ಮುಂದೆ 1910–1918 ಎಂದಿರುವುದು ಅಚ್ಚಿನ ತಪ್ಪೆ?

ತಪ್ಪಲ್ಲ. ಅವಧಿಯನ್ನು ಏಳರಿಂದ ಐದಕ್ಕೆ ಇಳಿಸಿದ್ದು 1911ರ ಪಾರ್ಲಿಮೆಂಟ್ ಕಾಯ್ದೆ. 1910ರ ಡಿಸೆಂಬರಿನಲ್ಲಿ ಆಯ್ಕೆಯಾದ ಸಭೆಗೇ ಅದು ಅನ್ವಯಿಸಿತು. ಯುದ್ಧ ಬಂತೆಂದು ಆ ಸಭೆ ತನ್ನ ಆಯುಸ್ಸನ್ನು ಐದು ಸಲ ತಾನೇ ವಿಸ್ತರಿಸಿಕೊಂಡಿತು. ಇದಕ್ಕೆ ಲಾರ್ಡ್ಸ್ ಸಭೆಯ ಒಪ್ಪಿಗೆ ಬೇಕೇಬೇಕಿತ್ತು: ಮಸೂದೆ ತಡೆಯುವ ಅವರ ಅಧಿಕಾರವನ್ನು ಮೊಟಕು ಮಾಡಿದ ಅದೇ ಕಾಯ್ದೆ, ಅವಧಿ ವಿಸ್ತರಣೆಯ ಮಸೂದೆಗೆ ಮಾತ್ರ ಅದನ್ನು ಪೂರ್ತಿ ಉಳಿಸಿತ್ತು.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಸದಸ್ಯರು ಸಭೆಯೊಳಗೇ ಟೋಪಿ ಹಾಕಿ ಕೂತಿರುತ್ತಾರೆ. ಇದು ಅಗೌರವವಲ್ಲವೆ?

ಕೂತಾಗ ಟೋಪಿ ಇರಬಹುದಿತ್ತು, ಎದ್ದು ಮಾತಾಡುವಾಗ ತೆಗೆಯಬೇಕಿತ್ತು. ಟೋಪಿಗೆ ಇನ್ನೊಂದು ಉಪಯೋಗವೂ ಇತ್ತು. 670 ಸದಸ್ಯರಿಗೆ ಸಭಾಂಗಣದಲ್ಲಿ ಜಾಗವಿದ್ದದ್ದು ಸುಮಾರು ಮೂರನೇ ಎರಡರಷ್ಟು ಮಂದಿಗೆ. ಬೇಗ ಬಂದವನು ಬೆಂಚಿನ ಮೇಲೆ ಟೋಪಿ ಇಟ್ಟು ಜಾಗ ಹಿಡಿಯುತ್ತಿದ್ದ. ಆದರೆ ಅದು ಅವನು ಹಾಕಿಕೊಂಡು ಬಂದ ಟೋಪಿಯೇ ಆಗಿರಬೇಕು, ಇನ್ನೊಂದು ತಂದಿಟ್ಟು ಊರು ಸುತ್ತಲು ಹೋಗುವಂತಿಲ್ಲ. ಕಲಾಪಕ್ಕೆ ಮುಂಚಿನ ಪ್ರಾರ್ಥನೆಗೆ ಖುದ್ದು ಹಾಜರಿದ್ದು, ಹೆಸರು ಬರೆದ ಚೀಟಿಯನ್ನು ಆಸನದ ಬೆನ್ನಿಗಿದ್ದ ಚೌಕಟ್ಟಿಗೆ ಸಿಕ್ಕಿಸಿದರೆ ಆ ದಿನದ ಮಟ್ಟಿಗೆ ಜಾಗ ಅವನದು. ಪ್ರಾರ್ಥನೆಗೆ ಅಷ್ಟು ಜನ ಸೇರುತ್ತಿದ್ದದ್ದು ಭಕ್ತಿಯಿಂದಲೇ ಎನ್ನುವಂತಿಲ್ಲ.

ಮತ ವಿಭಜನೆಯ ಹೊತ್ತಿಗೆ ಮಾತ್ರ ಕ್ರಮ ತಿರುವುಮುರುವು. ಎಲ್ಲರೂ ಎದ್ದು 'ಹೌದು' ಎನ್ನುವವರು ಸ್ಪೀಕರರ ಬಲಗಡೆಯ ಪಡಸಾಲೆಗೆ, 'ಇಲ್ಲ' ಎನ್ನುವವರು ಎಡಗಡೆಯದಕ್ಕೆ ನಡೆಯುತ್ತಿರುವಾಗ, ಆಗ ಕ್ರಮಲೋಪ ಎತ್ತಬೇಕಾದವನು ಎದ್ದು ನಿಂತರೆ ಗುಂಪಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಅವನು ಕೂತು, ತಲೆಗೆ ಟೋಪಿ ಹಾಕಿಕೊಂಡೇ ಮಾತಾಡಬೇಕಿತ್ತು. ತನ್ನದು ಕೈಗೆ ಸಿಗದಿದ್ದರೆ ಪಕ್ಕದವನದನ್ನು ಎರವಲು ಪಡೆಯುವುದು, ಅಳತೆ ಹೊಂದಿದರೂ ಹೊಂದದಿದ್ದರೂ.