ಎಲ್ಲ ಕಡೆ ಒಂದೇ ಧೂಳಲ್ಲ

ಓದುಗರ ಪತ್ರ: ‘ಹಿಮಯುಗದಲ್ಲಿ ಈಗಿನ 25 ಪಟ್ಟು ಧೂಳಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನೆಲವೆಲ್ಲ ಹಿಮವೇ ಆಗಿದ್ದರೆ ಧೂಳು ಎಲ್ಲಿಂದ ಬಂತು? ನಮ್ಮ ದಕ್ಷಿಣದಲ್ಲೂ ಹಾಗೇ ಇತ್ತಾ?’
– ಚಿತ್ರದುರ್ಗದ ಒಬ್ಬ ಓದುಗರು

ಸಂಪಾದಕರ ಉತ್ತರ:

ನೀವು ಕೇಳಿದ್ದು ಒಳ್ಳೆಯದಾಯಿತು. ಆ 25 ಪಟ್ಟು ಅಂಟಾರ್ಕ್ಟಿಕಾದ ಲೆಕ್ಕ. ಅಲ್ಲಿನ ಡೋಮ್ ಸಿ ಎಂಬಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದು ತೆಗೆದ ಹಿಮದಲ್ಲಿ 8 ಲಕ್ಷ ವರ್ಷಗಳ ಧೂಳು ಪದರ ಪದರವಾಗಿ ಸಿಕ್ಕಿದೆ. ಜಾಗದ ಹೆಸರು ಹೇಳದೆ ಅಂಕಿಯನ್ನಷ್ಟೇ ಅಚ್ಚು ಹಾಕಿದ್ದು ನಮ್ಮ ತಪ್ಪು. ಇಡೀ ಭೂಮಿಗೆ ಲೆಕ್ಕ ಹಾಕಿದರೆ ಸುಮಾರು 2ರಿಂದ 4 ಪಟ್ಟು. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಕೆಲವು ಕಾಲಕ್ಕೆ ಅದು 100 ಪಟ್ಟಿನವರೆಗೂ ಏರಿತ್ತು!

ಇನ್ನು, ನೆಲವೆಲ್ಲ ಹಿಮ ಇರಲಿಲ್ಲ. ಸುಮಾರು 21,000 ವರ್ಷಗಳ ಹಿಂದೆ, ಚಳಿ ಜೋರಾಗಿದ್ದಾಗ, ಕೆನಡಾ ಮತ್ತು ಉತ್ತರ ಯುರೋಪು ಹಿಮದಡಿ ಇದ್ದವು. ಉಳಿದ ಬಹಳಷ್ಟು ಕಡೆ ಇದ್ದದ್ದು ಒಣ ನೆಲ. ತಣ್ಣನೆಯ ಗಾಳಿಯಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಮಳೆ ಕಡಿಮೆ. ಮಣ್ಣು ಹಿಡಿದಿಡಲು ಗಿಡಗಳಿಲ್ಲ, ಎದ್ದ ಧೂಳನ್ನು ತೊಳೆದು ಕೆಳಗಿಳಿಸಲು ಮಳೆಯೂ ಇಲ್ಲ.

ನನಗೆ ತುಂಬ ಇಷ್ಟವಾದದ್ದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕತೆ. ಅಂಟಾರ್ಕ್ಟಿಕಾದ ಹಿಮಯುಗದ ಧೂಳು ಬಹುಪಾಲು ಅಲ್ಲಿಂದ ಬಂದದ್ದು. ಧೂಳಿನಲ್ಲಿರುವ ಸ್ಟ್ರಾನ್ಷಿಯಂ, ನಿಯೋಡಿಮಿಯಂ ಎಂಬ ಲೋಹಗಳ ಗುರುತು ಹಿಡಿದು ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಹಿಮನದಿ ಬೀಸುಕಲ್ಲಿನ ಹಾಗೆ. ಬಂಡೆಯನ್ನು ಅರೆದು ಹಿಟ್ಟು ಮಾಡುತ್ತದೆ. ಕರಗಿದ ನೀರು ಆ ಹಿಟ್ಟನ್ನು ಬಯಲಿಗೆ ಹರಡುತ್ತದೆ, ಒಣಗಿದ ಮೇಲೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಹಿಮನದಿ ಹಿಂದೆ ಸರಿದಾಗ ಅದರ ಮುಂದೆ ಕೆರೆಗಳಾದವು. ಹಿಟ್ಟು ಕೆರೆಯ ತಳ ಸೇರಿತು. ಅತ್ತ ಸಮುದ್ರದಾಚೆಯ ಅಂಟಾರ್ಕ್ಟಿಕಾದ ಹಿಮದಲ್ಲಿ ಧೂಳು ಕಡಿಮೆಯಾಗಿಹೋಯಿತು. ಎಲ್ಲಿಂದೆಲ್ಲಿಗೆ ನಂಟು, ಅಲ್ವಾ?

ಗ್ರೀನ್‌ಲ್ಯಾಂಡಿಗೆ ಹೆಚ್ಚಾಗಿ ಬಂದದ್ದು ಪೂರ್ವ ಏಷ್ಯಾದ ಮರುಭೂಮಿಗಳ ಧೂಳು. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಅಂಥ ಧೂಳೇ ನೂರಾರು ಮೀಟರ್ ದಪ್ಪ ಕೂತಿದೆ. ಜನ ಅದನ್ನೇ ಕೊರೆದು ಮನೆ ಮಾಡಿಕೊಂಡಿದ್ದಾರೆ.

ನಮ್ಮಲ್ಲಿ? ಥಾರ್ ಮರುಭೂಮಿ ಬೇರೆಯೇ ಮಾತು ಹೇಳುತ್ತದೆ. ಅಲ್ಲಿ ಮರಳು ದಿಬ್ಬ ಕಟ್ಟುವುದು ಮುಂಗಾರಿನ ಗಾಳಿ. ಚಳಿ ಜೋರಾಗಿದ್ದಾಗ ಆ ಗಾಳಿಯೇ ಸೋತಿತ್ತು. ಹಾಗಾಗಿ ದಿಬ್ಬಗಳು ಜಾಸ್ತಿ ಬೆಳೆದದ್ದು ಆಮೇಲೆ, ಮುಂಗಾರು ಚೇತರಿಸಿಕೊಳ್ಳುವಾಗ. ಒಣ ನೆಲ ಇದ್ದರೆ ಸಾಲದು, ಬೀಸುವ ಗಾಳಿಯೂ ಬೇಕು.

ದಕ್ಷಿಣದ ಸುಳಿವು ನೀಲಗಿರಿಯ ಜೌಗು ಮಣ್ಣಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಆ ಮಣ್ಣಿನಲ್ಲಿ ಹಳೆಯ ಗಿಡಗಳು ಬಿಟ್ಟುಹೋದ ಇಂಗಾಲವನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಅದು ಧೂಳಿನ ಲೆಕ್ಕವಲ್ಲ, ಮಳೆಯ ಲೆಕ್ಕ. ಆ ಚಳಿಯ ಕಾಲದಲ್ಲಿ ಮುಂಗಾರು ಸೊರಗಿತ್ತು. ಬೆಟ್ಟದ ಮೇಲೆ ಒಣಹವೆಗೆ ಒಗ್ಗುವ ಹುಲ್ಲು ಹಬ್ಬಿತ್ತು.