ಬಾಳಿಕೆ ಬರುವ ಕಾರ್ಪೆಟ್ ಬೇಕೆಂದರೆ ಏನನ್ನು ನೋಡಿ ಕೊಳ್ಳಬೇಕು?

ಬೆಂಗಳೂರಿನ ಫ್ಲ್ಯಾಟಿನ ಹಜಾರಕ್ಕೆ 8 ಅಡಿ ಉದ್ದ, 5 ಅಡಿ ಅಗಲದ ಕಾರ್ಪೆಟ್ ಬೇಕು, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಹತ್ತು ವರ್ಷವಾದರೂ ಬಾಳಬೇಕು, ಉಣ್ಣೆಯದನ್ನು ಕೊಳ್ಳಬೇಕೋ ನೈಲಾನಿನದನ್ನೋ ಎಂದು ಕೇಳಿದ್ದೀರಿ. ನೂಲಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅಂಗಡಿಯಲ್ಲಿ ಕಾರ್ಪೆಟ್ ಬಿಚ್ಚಿ ಹಾಸಿದೊಡನೆ ಎಲ್ಲರೂ ಅದರ ಮೇಲೆ ಕೈಯಾಡಿಸಿ ಎಷ್ಟು ಮೆತ್ತಗಿದೆ ಎಂದು ನೋಡುತ್ತಾರೆ. ನೀವು ಮಾತ್ರ ಮೊದಲು ಅದರ ಒಂದು ಮೂಲೆಯನ್ನು ಮಗುಚಿ ಹಿಂಬದಿಯನ್ನು ನೋಡಿ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ‘ಹ್ಯಾಂಡ್‌ಮೇಡ್, ಶುದ್ಧ ಉಣ್ಣೆ’ ಎಂದು ಹೇಳಿ ಕೊಟ್ಟ ಕಾರ್ಪೆಟ್ ತಂದೆ. ಅವರು ಹೇಳಿದ ಎರಡು ಮಾತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆದರೂ ನಾಲ್ಕನೆಯ ವರ್ಷಕ್ಕೆ, ಕಾರ್ಪೆಟ್ ಎತ್ತಿದಾಗಲೆಲ್ಲ ನೆಲದ ಮೇಲೆ ಬಿಳಿ ಪುಡಿ ಕಾಣತೊಡಗಿತು. ಆಮೇಲೆ ಉಣ್ಣೆಯ ಎಳೆಗಳು ಗುಂಪುಗುಂಪಾಗಿ ಕಿತ್ತು ಬಂದವು. ಉಣ್ಣೆ ಸವೆದಿರಲಿಲ್ಲ, ಅದನ್ನು ಹಿಡಿದಿಟ್ಟಿದ್ದ ಅಂಟು ಪುಡಿಯಾಗಿತ್ತು. ಅದು ‘ಟಫ್ಟೆಡ್’ ಕಾರ್ಪೆಟ್ ಆಗಿತ್ತು: ಬಿಗಿದು ಕಟ್ಟಿದ ಬಟ್ಟೆಗೆ ಕೈಯಲ್ಲಿ ಹಿಡಿಯುವ ಯಂತ್ರದಿಂದ ನೂಲನ್ನು ಚುಚ್ಚಿ, ಹಿಂದೆ ಲೇಟೆಕ್ಸ್ ಎಂಬ ಅಂಟು ಬಳಿದು, ಅದರ ಮೇಲೆ ಮತ್ತೊಂದು ಬಟ್ಟೆ ಹೊದಿಸಿ ಮಾಡಿದ್ದು. ಯಂತ್ರ ಹಿಡಿದದ್ದು ಮನುಷ್ಯನ ಕೈಯಾದ್ದರಿಂದ ‘ಹ್ಯಾಂಡ್‌ಮೇಡ್’ ಎನ್ನಲು ಅಡ್ಡಿಯಿಲ್ಲ. ಮಗ್ಗದ ಮೇಲೆ ಒಂದೊಂದೇ ಗಂಟು ಹಾಕಿ ತಿಂಗಳುಗಟ್ಟಲೆ ನೇಯುವ ‘ಹ್ಯಾಂಡ್ ನಾಟೆಡ್’ ಕಾರ್ಪೆಟ್ಟೇ ಬೇರೆ. ಅದರಲ್ಲಿ ಎಳೆಗಳನ್ನು ಹಿಡಿದಿಡುವುದು ಗಂಟೇ ಹೊರತು ಅಂಟಲ್ಲ.

ಇವೆರಡನ್ನು ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ. ಗಂಟಿನ ಕಾರ್ಪೆಟ್ಟಿನ ಹಿಂಬದಿಯಲ್ಲಿ ಮೇಲಿನ ಚಿತ್ತಾರವೇ ಗಂಟುಗಂಟಾಗಿ ಸ್ಪಷ್ಟವಾಗಿ ಕಾಣುತ್ತದೆ, ತುದಿಯ ಕುಚ್ಚು ಉದ್ದಕ್ಕೆ ಹಾಯುವ ಹಾಸಿನ ನೂಲುಗಳದೇ ಮುಂದುವರಿಕೆಯಾಗಿರುತ್ತದೆ. ಟಫ್ಟೆಡ್ ಆಗಿದ್ದರೆ ಹಿಂದೆ ಬರೀ ಬಟ್ಟೆ, ಕುಚ್ಚಿದ್ದರೆ ಅದು ಆಮೇಲೆ ಹೊಲಿದದ್ದು. ಯಂತ್ರದ ಮಗ್ಗದ ನೇಯ್ಗೆಯಲ್ಲಿ ಹಿಂಬದಿಯ ಸಾಲುಗಳು ಗೆರೆ ಎಳೆದಷ್ಟು ನೇರವಾಗಿರುತ್ತವೆ. ಅದು ಕೀಳೆಂದಲ್ಲ, ಆದರೆ ಕೈನೇಯ್ಗೆಯ ಬೆಲೆ ಕೊಡಬೇಡಿ. ಚದರ ಇಂಚಿಗೆ ಎಷ್ಟು ಗಂಟು ಎಂಬ ಲೆಕ್ಕವನ್ನು ಅಂಗಡಿಯವರು ಹೆಮ್ಮೆಯಿಂದ ಹೇಳುತ್ತಾರೆ. ಕಾಶ್ಮೀರದ ರತ್ನಗಂಬಳಿಯಲ್ಲಿ ಇಂಚಿಗೆ 18 ಸಾಲು, ಸಾಲಿಗೆ 18 ಗಂಟು, ಅಂದರೆ 324 ಗಂಟುಗಳಿರುವುದುಂಟು. ಅಷ್ಟು ಗಂಟುಗಳಿಂದ ಚಿತ್ತಾರ ನಯವಾಗುತ್ತದೆ, ಬೆಲೆಯೂ ಏರುತ್ತದೆ. ಆದರೆ ಮಕ್ಕಳು ಕುಣಿಯುವ ಹಜಾರಕ್ಕೆ ದಪ್ಪ ಉಣ್ಣೆಯ, 80ರಿಂದ 100 ಗಂಟುಗಳ, ಉತ್ತರ ಪ್ರದೇಶದ ಭದೋಹಿ ಕಡೆಯ ಕಾರ್ಪೆಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಹಿಂಬದಿ ನೋಡುವಾಗ ಗುಡ್‌ವೀವ್ ಚೀಟಿ ಇದೆಯೇ ಎಂದೂ ನೋಡಿ. ಕಾರ್ಪೆಟ್ ನೇಯ್ಗೆಯಲ್ಲಿ ಮಕ್ಕಳ ದುಡಿಮೆಯನ್ನು ತಡೆಯಲೆಂದು ಕೈಲಾಶ್ ಸತ್ಯಾರ್ಥಿಯವರು 1994ರಲ್ಲಿ ಆರಂಭಿಸಿದ ರಗ್‌ಮಾರ್ಕ್‌ಗೆ ಈಗಿರುವ ಹೆಸರು ಅದು.

ಇನ್ನು ನೂಲು. ಉಣ್ಣೆಯ ಎಳೆ ತುಳಿದಾಗ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ; ಅದರಲ್ಲಿರುವ ಸಹಜ ಜಿಡ್ಡಿನಿಂದಾಗಿ ಚೆಲ್ಲಿದ ಹಾಲು ಒಡನೆಯೇ ಇಳಿಯದೆ, ಒತ್ತಿ ತೆಗೆಯಲು ನಿಮಗೆ ಸ್ವಲ್ಪ ಸಮಯ ಕೊಡುತ್ತದೆ. ಹೊಸ ಉಣ್ಣೆಯ ಕಾರ್ಪೆಟ್ ಮೊದಲ ಕೆಲವು ತಿಂಗಳು ಎಳೆ ಉದುರಿಸುವುದು ದೋಷವಲ್ಲ. ಕೃತಕ ನೂಲುಗಳಲ್ಲಿ ಸವೆತವನ್ನು ಹೆಚ್ಚು ತಡೆಯುವುದು ನೈಲಾನ್. ಅಗ್ಗದ ಪಾಲಿಪ್ರೊಪಿಲೀನ್ ನೀರು ಹೀರದು, ಬಣ್ಣ ಬಿಡದು, ಆದರೆ ಸೋಫಾದ ಕಾಲಿನಡಿ ಒಮ್ಮೆ ಚಪ್ಪಟೆಯಾದರೆ ಏಳುವುದು ಕಷ್ಟ. ‘ಆರ್ಟ್ ಸಿಲ್ಕ್’, ‘ಬ್ಯಾಂಬೂ ಸಿಲ್ಕ್’ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಬರುವ ವಿಸ್ಕೋಸ್ ಎಂಬ ನೂಲನ್ನು ಮಕ್ಕಳಿರುವ ಮನೆಗೆ ತರಲೇಬೇಡಿ; ಒದ್ದೆಯಾದರೆ ಅದರ ಎಳೆಯ ಬಲ ಕುಗ್ಗುತ್ತದೆ, ಬರೀ ನೀರು ಬಿದ್ದರೂ ಕಲೆ ಉಳಿಯುತ್ತದೆ. ಯಾವ ನೂಲೇ ಇರಲಿ, ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದಾಗ ಬುಡದ ನೇಯ್ಗೆ ಸುಲಭವಾಗಿ ಕಂಡರೆ ಅದು ಒತ್ತಾಗಿಲ್ಲ ಎಂದರ್ಥ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಕೆಂಪು ಭಾಗವನ್ನು ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದೂ ನೋಡಿ.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಗಂಟಿನ ಉಣ್ಣೆಯ ಕಾರ್ಪೆಟ್. ಅಷ್ಟು ಹಣ ಹಾಕಲಾಗದಿದ್ದರೆ ಅಂಟಿನ ಉಣ್ಣೆಯದಕ್ಕಿಂತ ಯಂತ್ರದಲ್ಲಿ ನೇಯ್ದ ನೈಲಾನಿನದು ವಾಸಿ. ಮೆತ್ತಗಿರಲೇಬೇಕೆಂಬ ಹಟವಿಲ್ಲದಿದ್ದರೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನೂ ನೋಡಿ. ಅಲ್ಲಿನ ಹೆಣ್ಣುಮಕ್ಕಳು ಹತ್ತಿ ನೂಲಿನಲ್ಲಿ ನವಿಲು, ಪಗಡೆಯ ಹಾಸುಗಳನ್ನು ನೇಯುತ್ತಾರೆ. ಅದಕ್ಕೆ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಮೇಲೆದ್ದ ಎಳೆಗಳೇ ಇಲ್ಲದ್ದರಿಂದ ಉದುರುವುದಕ್ಕೂ ಚಪ್ಪಟೆಯಾಗುವುದಕ್ಕೂ ಏನೂ ಇಲ್ಲ.

ಕೊಂಡ ಮೇಲೆ ಕಾರ್ಪೆಟ್ಟಿಗೆ ನಮ್ಮ ಮನೆಗಳಲ್ಲಿರುವ ದೊಡ್ಡ ಶತ್ರು ನೆಲ ಒರೆಸುವ ಒದ್ದೆ ಬಟ್ಟೆ. ದಿನವೂ ಅಂಚು ನೆನೆದು, ಅಡಿಯ ಟೈಲ್ಸಿನ ಮೇಲೆ ತೇವ ಉಳಿಯುತ್ತದೆ. ನನ್ನ ಕಾರ್ಪೆಟ್ಟಿನ ಅಂಟು ಮೊದಲು ಬಿಟ್ಟದ್ದೂ ಅಂಚಿನಲ್ಲಿಯೇ. ಒರೆಸುವಾಗ ಸುತ್ತಿಟ್ಟು, ನೆಲ ಒಣಗಿದ ಮೇಲೆ ಹಾಸಿ. ಕೆಳಗೆ ಫೆಲ್ಟಿನ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯ) ಹಾಸು ಇರಲಿ. ಆರು ತಿಂಗಳಿಗೊಮ್ಮೆ ತಲೆ-ಕಾಲು ಬದಲಿಸಿ ತಿರುಗಿಸಿದರೆ ಓಡಾಟದ ಜಾಗವೊಂದೇ ಸವೆಯುವುದಿಲ್ಲ. ಸೋಫಾದ ಅಡಿಯ ಕತ್ತಲ ಭಾಗದಲ್ಲಿ ಉಣ್ಣೆಗೆ ನುಸಿ ಹಿಡಿಯುತ್ತದೆ, ಆ ಭಾಗವನ್ನು ಆಗಾಗ ಎತ್ತಿ ನೋಡಿ.

ಕೊನೆಯದಾಗಿ, ಬಿಲ್ಲಿನಲ್ಲಿ ‘ಹ್ಯಾಂಡ್ ನಾಟೆಡ್’ ಎಂದೇ ಬರೆದುಕೊಡಿ ಎಂದು ಕೇಳಿ. ‘ಹ್ಯಾಂಡ್‌ಮೇಡ್’ ಎಂದಷ್ಟೇ ಬರೆಯುತ್ತೇವೆ ಎಂದರೆ, ಹಣ ಕೊಡುವ ಮೊದಲು ಮತ್ತೊಮ್ಮೆ ಮೂಲೆ ಮಗುಚಿ.